ಕರಿ ಬಟ್ಟೆ ಹಾಕಿ ತೆಗೆಸಿದ ಝೆರಾಕ್ಸ್

ನಮ್ಮ ಬಾವಿಯ ನೀರನ್ನು ಮೈದುನ ಒಬ್ಬನೇ ಹಿಡಿದಿದ್ದ. ವಾರಕ್ಕೆ ಎರಡು ದಿನದ ಪಾಳಿ ನನ್ನದು ಎಂದು ಮಾವ ಬರೆಸಿಟ್ಟ ಕಾಗದ ನನ್ನ ಹತ್ತಿರ ಇತ್ತು. ಅದರ ಝೆರಾಕ್ಸನ್ನು ಅವತ್ತು ಸಂಜೆಯೊಳಗೆ ಚಿಕ್ಕೋಡಿ ಕೋರ್ಟಿಗೆ ಕೊಡಬೇಕಿತ್ತು. ಆಗ ಝೆರಾಕ್ಸ್ ಊರಿಗೇ ಹೊಸದು. ಕಾಗದ ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳುವು, ಎರಡೂ ಬದಿಗೆ ಬರಹ. ಅಂಗಡಿಯಲ್ಲಿ ತೆಗೆಸಿದ ಪ್ರತಿಯಲ್ಲಿ ಹಿಂದಿನ ಬರಹವೂ ಮುಂದೆ ಮೂಡಿ ಎಲ್ಲ ಕಲಸಿಹೋಗಿತ್ತು.

“ಇದನ್ನ ಯಾರೂ ಓದಾಂಗಿಲ್ಲ, ಬ್ಯಾರೇದು ತಗೊಂಡು ಬರ್ರಿ,” ಎಂದರು ನನ್ನ ವಕೀಲರು.

ಮತ್ತೆ ಅಂಗಡಿಗೆ ಹೋದೆ. ಅಂಗಡಿಯವ ಇನ್ನೂ ಮೂರು ಸಲ ತೆಗೆದ. ಮೂರೂ ಹಾಗೆಯೇ. “ಮಷಿನ್ ಇರೂದ ಹಿಂಗ, ಆಯಿ. ನಾ ಏನ್ ಮಾಡ್ಲಿ?”

ನನಗೆ ಓದು ಅಷ್ಟಕ್ಕಷ್ಟೆ. ಆದರೆ ಮನೆಯಲ್ಲಿ ಆ ಕಾಗದವನ್ನು ಕರಿ ಕಂಬಳಿಯ ಮೇಲೆ ಇಟ್ಟಾಗ ಹಿಂದಿನ ಅಕ್ಷರ ಕಾಣುತ್ತಿರಲಿಲ್ಲ. ಮಷಿನ್ನಿನ ಮುಚ್ಚಳವೋ ಒಳಗೆಲ್ಲ ಬೆಳ್ಳಗಿತ್ತು. ಸೀರೆಯೊಳಗೆ ಉಡುವ ಪರಕಾರ ಹೊಲಿಸಲು ಕೊಂಡಿದ್ದ ಕರಿ ಬಟ್ಟೆಯನ್ನು ಚೀಲದಿಂದ ತೆಗೆದೆ.

“ಕಾಗದದ ಮ್ಯಾಲ ಇದನ್ನ ಹಾಕಿ ಮುಚ್ಚು.”

“ಮಷಿನ್ನಿಗೂ ಪರಕಾರ ಉಡಸ್ತಿಯೇನ್ ಆಯಿ?”

“ಬತ್ತಲೆ ಇದ್ದರ ಉಡಸೂದ. ಸುಮ್ನ ಹಾಕ್ ಲೇ!”

ಪ್ರತಿ ತುಸು ಕಪ್ಪಾಗಿ ಬಂತು. ಅವನು ಗುಂಡಿ ಒತ್ತಿ ತಿಳಿ ಮಾಡಿದ. ಎರಡನೆಯದರಲ್ಲಿ ಹಿಂದಿನ ಒಂದಕ್ಷರವೂ ಇಲ್ಲ. ಮಾವನ ಹೆಬ್ಬೆಟ್ಟಿನ ಗೆರೆಗಳನ್ನು ಸಹ ಎಣಿಸಬಹುದಿತ್ತು.

“ಯಾವ ಅಂಗಡ್ಯಾಗ ಮಾಡಿಸಿದ್ರಿ?” ಹೊಸ ಪ್ರತಿ ನೋಡಿ ವಕೀಲರು ಕೇಳಿದರು.

“ಮದಲಿನ ಅಂಗಡೀನರಿ. ತಲಿ ಅಷ್ಟ ನಂದು.”

ಕೋರ್ಟು ನನ್ನ ಪಾಳಿಯನ್ನು ಒಪ್ಪಿತು. ಮೋಟಾರಿನ ಖೋಲಿಯ ಕೀಲಿಯನ್ನು ಮೈದುನನೇ ಮನೆತನಕ ತಂದುಕೊಟ್ಟ. ಇಸಿದುಕೊಂಡೆ. ಚಹಾ ಮಾಡಲಿಲ್ಲ.