ಗೀತಮ್ಮನವರ ತಾಯಿಯ ಮಾತು

ನನಗೆ ಆ ಮಾತು ಬರುತ್ತಿತ್ತು. ಬರುವುದಿಲ್ಲ ಎಂದೆ. ಸಾಯುತ್ತಿದ್ದ ಹೆಂಗಸೊಬ್ಬರು ನನ್ನ ಮುಖವನ್ನೇ ನೋಡುತ್ತ ಅದೊಂದಕ್ಕಾಗಿ ಕಾಯುತ್ತಿದ್ದಾಗ ಹಾಗೆಂದೆ.

ಚಂದು, ಸಿಂಚನಾ — ನಿಮ್ಮೆದುರು ಕೂತು ಇದನ್ನು ಹೇಳುವಷ್ಟು ಧೈರ್ಯ ನನಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಗೂಡಿನಲ್ಲಿರುವ ಕಟ್ಟು ಹೋದ ಸ್ಲೇಟನ್ನು ಅಜ್ಜಿ ಯಾಕೆ ಎಸೆಯಲು ಬಿಡುವುದಿಲ್ಲ ಎಂದು ಕೇಳುತ್ತಿರುತ್ತೀರಲ್ಲ, ಅದು ಗೀತಮ್ಮನವರ ಮನೆಯದು.

ನಾನು ಮದುವೆಯಾಗಿ ಅಮೃತಾಪುರದ ಕಡೆಯಿಂದ ಅಜ್ಜಂಪುರಕ್ಕೆ ಬಂದಾಗ ಅವರು ನಮ್ಮ ಬೀದಿಯಲ್ಲೇ ಹೊಲಿಗೆ ಹೇಳಿಕೊಡುತ್ತಿದ್ದರು. ಅತ್ತೆ ನನ್ನನ್ನೂ ದಿನಾ ಅಲ್ಲಿಗೆ ಕಳಿಸುತ್ತಿದ್ದರು. ಬಿಳಿ ಮೈಬಣ್ಣ, ನೂಲಿನ ಸೀರೆ, ಮಾತು ಮಾತ್ರ ಪಕ್ಕಾ ನಮ್ಮೂರಿನದು. ನಿಜವಾದ ಹೆಸರು ಗಿಟ್ಲ್. ಊರವರ ಬಾಯಲ್ಲಿ ಗೀತಮ್ಮ ಆಗಿತ್ತು. ಪೋಲೆಂಡ್ ದೇಶದ ಯೆಹೂದಿಗಳು. ಅಲ್ಲಿ ಯೆಹೂದಿಗಳಿಗೆ ಉಳಿಗಾಲವಿಲ್ಲ ಎನ್ನುವಾಗ ಡಾಕ್ಟರಾಗಿದ್ದ ಅವರ ತಂದೆ ಮಗಳನ್ನು ಕರೆದುಕೊಂಡು ಈ ಕಡೆ ಬಂದರಂತೆ. ತಾಯಿ ಹಿಂದಿನಿಂದ ಬರುತ್ತೇನೆ ಎಂದು ಉಳಿದರು. ಬರಲಿಲ್ಲ. ಯುದ್ಧ ಮುಗಿದ ಮೇಲೆ ಆ ಊರಿನಲ್ಲಿ ಅವರ ಮಾತನ್ನಾಡುವ ಒಬ್ಬರೂ ಉಳಿದಿರಲಿಲ್ಲವಂತೆ.

ಆ ಮಾತಿನ ಹೆಸರು ಯಿಡ್ಡಿಷ್. ತಂದೆ ತೀರಿಕೊಂಡ ಮೇಲೆ ಗೀತಮ್ಮನವರಿಗೆ ಅದನ್ನು ಆಡಲು ಜನವೇ ಇರಲಿಲ್ಲ. ಒಂದು ದಿನ, ರವಿಕೆಯ ತೋಳು ಕತ್ತರಿಸುತ್ತಿದ್ದವರು ತಟ್ಟನೆ ನಿಲ್ಲಿಸಿ ಕೇಳಿದರು.

“ಲೇ, ನಂಗೊಂದು ಉಪ್ಕಾರ ಮಾಡ್ತೀಯೇನೇ? ನಮ್ಮವ್ವ ನನ್ನ ಕರೀತಿದ್ದಂಗೆ ಒಂದ್ಸಲ ಕರೀತೀಯಾ?”

ನಾನು ನಕ್ಕುಬಿಟ್ಟೆ. “ನೀವೇ ಹೇಳ್ಕಬೌದಲ್ಲ ಗೀತಮ್ಮಾರೇ.”

“ನನ್ನ ಬಾಯಿಂದ ನಾನೇ ಕೇಳಿದ್ರೆ ಅದು ಕರೆದಂಗಾಯ್ತದೇನೇ ದಡ್ಡಿ?”

ಹೀಗೆ ಶುರುವಾಯಿತು. ಅವರ ತಂದೆಯದೊಂದು ಪುಸ್ತಕವಿತ್ತು, ಬಲದಿಂದ ಎಡಕ್ಕೆ ಓದುವುದು. ಅದರಲ್ಲಿ ಆ ಮಾತು ಇತ್ತು, ಆದರೆ ಅದನ್ನು ನೋಡಿ ಕಲಿಯುವುದು ಅವರಿಗೆ ಬೇಡವಾಗಿತ್ತು. ಅಕ್ಷರ ಅದೇ ಇದ್ದರೂ ‘ಬಾ’ ಎನ್ನಲು ಒಂದು ಸೀಮೆಯವರು “ಕುಮ್” ಎನ್ನುತ್ತಾರೆ, ಇವರ ಊರಿನವರು “ಕಿಮ್” ಎನ್ನುತ್ತಾರೆ. ಪುಟ್ಟ ಹುಡುಗಿ ಎನ್ನಲು ಓದಿದವರ ಬಾಯಲ್ಲಿ “ಮೆಯ್ಡೆಲೆ”, ಇವರ ತಾಯಿಯ ಬಾಯಲ್ಲಿ “ಮೈಡೆಲೆ”. ನಾವು “ಬತ್ತೀನಿ” ಅನ್ನುವುದನ್ನು ಶಾಲೆಯಲ್ಲಿ “ಬರುತ್ತೇನೆ” ಎಂದು ತಿದ್ದುತ್ತಿದ್ದರಲ್ಲ, ಹಾಗೆ. “ನಮ್ಮಕ್ಷರದಾಗೆ ಇಟ್ರೆ ಯಾರು ಹೆಂಗ್ ಬೇಕಾದ್ರೂ ಓದ್ತಾರೆ. ನಿಮ್ಮಕ್ಷರದಾಗೆ ಬರ್ಕೋ. ನಮ್ಮವ್ವ ಅಂದಂಗೇ ನಿಲ್ಲಲಿ” ಎಂದು ಸ್ಲೇಟು ಕೊಟ್ಟರು.

ಏಳನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಕನ್ನಡ ಅಕ್ಷರ ಇಷ್ಟು ದೂರದ ಉಸಿರನ್ನು ಹಿಡಿಯುತ್ತದೆ ಎಂದು ಗೊತ್ತಿರಲಿಲ್ಲ. ಹಿಡಿಯದ ಕಡೆ ನಾನೇ ಗುರುತು ಮಾಡಿಕೊಂಡೆ. ಆ ಕರೆಯಲ್ಲಿಲ್ಲದಿದ್ದರೂ ಜೊತೆಗೆ ಕಲಿಸಿದ ಬೇರೆ ಮಾತುಗಳಲ್ಲಿ ಗಂಟಲ ಬುಡದಲ್ಲಿ ಉಜ್ಜಿ ಬರುವ ಒಂದು ದನಿಗೆ “ಖ” ಬರೆದು ಕೆಳಗೊಂದು ಚುಕ್ಕಿ. ಅದನ್ನು ಮನೆಯಲ್ಲಿ ರುಬ್ಬುವಾಗ ಸಣ್ಣಗೆ ಹೇಳಿಕೊಳ್ಳುತ್ತಿದ್ದೆ. ಅತ್ತೆ ಕೇಳಿಸಿಕೊಂಡು, “ಏನೇ ಅದು, ಗಂಟ್ಲಾಗೆ ಅವರೆಕಾಳಿನ ಸಿಪ್ಪೆ ಸಿಕ್ಕಂತಾ?” ಎಂದು ನಗಾಡಿದರು. ನಾನು ಕೆಮ್ಮು ಎಂದೆ. ಹೊಲಿಗೆಗೆಂದು ಕಳಿಸಿದರೆ ಪರದೇಶದ ಮಾತು ಕಲಿಯುತ್ತಿದ್ದಾಳೆ ಎಂದಾರು ಅನ್ನುವ ಭಯ. ಯಾರೂ ಹಾಗೆ ಅಂದಿರಲಿಲ್ಲ — ಭಯ ನನ್ನದೇ.

ಆ ಕರೆ ಇಷ್ಟೇ — “ಮನೆಗೆ ಬಾ, ಮಗಾ.” ಸಂಜೆ ಆಟ ಬಿಡಿಸಿ ಕರೆಯುವ ಮಾತು. ನಾನು ಅದನ್ನು ಅವರ ತಾಯಿಯಂತೆ ಕೊನೆಯಲ್ಲಿ ಎಳೆದು ಹೇಳಿದ ದಿನ ಗೀತಮ್ಮನವರು ಸೆರಗಿನಿಂದ ಮುಖ ಮುಚ್ಚಿಕೊಂಡರು. ಆಮೇಲೆ ಸ್ಲೇಟು ಒರೆಸಿದರು. “ಇನ್ನು ಬಾಯಾಗಿರ್ಲಿ. ನಾನು ಹೋಗೋವಾಗ ಒಂದ್ಸಲ ಕರಿ, ಸಾಕು.” ಆಗಲಿ ಎಂದೆ. ಮಾತು ಕೊಟ್ಟೆ.

ಮುಂದಿನ ಮಳೆಗಾಲಕ್ಕೆ ಅವರಿಗೆ ಲಕ್ವ ಹೊಡೆಯಿತು. ಕನ್ನಡವೆಲ್ಲ ಹೋಯಿತು, ಉಳಿದದ್ದು “ಮಾಮೆ” ಎಂಬ ಒಂದೇ ಮಾತು — ಅಮ್ಮಾ ಎಂದು. ಕೊನೆಗಾಲ ಎಂದು ಗೊತ್ತಾಗಿ ಒಂದು ಮಧ್ಯಾಹ್ನ ಬೀದಿಯವರೆಲ್ಲ ಸೇರಿದರು. ಅತ್ತೆ ತಲೆಯ ಹತ್ತಿರ ಕೂತಿದ್ದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಬಾಗಿಲಲ್ಲಿ ನಮ್ಮ ಬಾವ, ನಿಮ್ಮ ತಾತನ ಅಣ್ಣ.

ನಮ್ಮ ಮನೆಯಲ್ಲಿ ಕಿರಿಯ ಸೊಸೆಯ ದನಿ ಬಾವನ ಕಿವಿಗೆ ಬೀಳುವಂತಿರಲಿಲ್ಲ. ಏನಿದ್ದರೂ ಅತ್ತೆಯ ಕಿವಿಯಲ್ಲಿ ಹೇಳಬೇಕು. ಬಾವನೂ ನನ್ನನ್ನು ನೇರ ಕೇಳುತ್ತಿರಲಿಲ್ಲ.

“ಅವ್ವಾ, ಏನೋ ಕೇಳ್ತಾವ್ರೆ ನೋಡು. ಅವಳು ದಿನಾ ಬತ್ತಿದ್ಲಲ್ಲ, ಅವಳಿಗೇನಾದ್ರೂ ಗೊತ್ತಾ ಕೇಳು.”

ಅತ್ತೆ ನನ್ನ ಕಡೆ ತಿರುಗಿದರು. ಎಲ್ಲರೂ ತಿರುಗಿದರು. ಗೀತಮ್ಮನವರ ಕಣ್ಣು ಮೊದಲಿನಿಂದಲೂ ನನ್ನ ಮೇಲೇ ಇತ್ತು. ಕರೆ ಎಂದರೆ ಪಿಸುಗುಡುವುದಲ್ಲ, ಬೀದಿಯ ಆ ತುದಿಗೆ ಕೇಳುವಂತೆ ಕೂಗುವುದು. ಬಾವನ ಮುಂದೆ, ಅಷ್ಟು ಜನರ ಮುಂದೆ, ಯಾರೂ ಕೇಳರಿಯದ ಮಾತನ್ನು… ನಾನು ಬಗ್ಗಿ ಅತ್ತೆಯ ಕಿವಿಯಲ್ಲಿ ಹೇಳಿದೆ:

“ನಂಗೊತ್ತಿಲ್ಲ ಅತ್ತೆ.”

“ಬಾಯಾರಿರ್ಬೇಕು ಪಾಪ” ಎಂದು ಅತ್ತೆ ಚಮಚದಲ್ಲಿ ನೀರು ಬಿಟ್ಟರು. ನೀರು ಕಟವಾಯಿಯಿಂದ ದಿಂಬಿಗೆ ಇಳಿಯಿತು. ಗೀತಮ್ಮನವರು ಇನ್ನೂ ನನ್ನನ್ನೇ ನೋಡುತ್ತಿದ್ದರು. ಸಿಟ್ಟಿನಿಂದಲ್ಲ — ನನಗೆ ಇನ್ನೊಂದು ಗಳಿಗೆ ಬೇಕೇನೋ ಎಂದು ಕಾದಂತೆ. ಆಮೇಲೆ ಕಣ್ಣು ಮುಚ್ಚಿದರು. ಮತ್ತೆ ತೆರೆಯಲಿಲ್ಲ.

ಬಹಳ ವರ್ಷಗಳ ಮೇಲೆ, ಅತ್ತೆ ಹಾಸಿಗೆ ಹಿಡಿದಾಗ, ಅವರೊಬ್ಬರಿಗೆ ಇದನ್ನು ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. “ಅಯ್ಯೋ ಹುಚ್ಚೀ, ನನ್ನ ಕಿವಿಯಾಗೆ ಅದನ್ನೇ ಅಂದಿದ್ರೆ ಅವನನ್ನ ಹೊರಗೆ ಕಳಿಸ್ತಿದ್ನಲ್ಲೇ” ಎಂದರು. ಅಷ್ಟೇ ಆಗಿತ್ತು. ಬಾಗಿಲು ಅಷ್ಟು ಹತ್ತಿರವಿತ್ತು, ನಾನು ತಟ್ಟಲಿಲ್ಲ. ತಪ್ಪನ್ನು ಮನೆಯ ಪದ್ಧತಿಯ ಮೇಲೆ ಹಾಕಲು ಕೂಡ ನನಗೆ ಈಗ ದಾರಿ ಉಳಿದಿಲ್ಲ.

ಮೊನ್ನೆ ನಾನು ಫೋನಿನಲ್ಲಿ ಮಾತಾಡಿದ್ದನ್ನು ಹಿಡಿದಿಟ್ಟು, “ಅಜ್ಜಿ ಹೆಂಗ್ ಮಾತಾಡುತ್ತೆ ನೋಡು” ಎಂದು ಕೇಳಿ ಕೇಳಿ ನಕ್ಕಿರಿ. ನಗಿ, ಬೇಸರವಿಲ್ಲ. ಭಾನುವಾರ ಕಡೂರಿನಿಂದ ಬಂದಾಗ ಅದೇ ಫೋನನ್ನು ನನ್ನ ಮುಂದೆ ಹಿಡಿಯಿರಿ. ನಾನು ಹಿತ್ತಲಲ್ಲಲ್ಲ, ಬೀದಿ ಬಾಗಿಲಲ್ಲಿ ನಿಂತು ಕರೆಯುತ್ತೇನೆ. ಗಟ್ಟಿಯಾಗಿ. ಅಜ್ಜಿ ಅದನ್ನು ಮರೆತುಬಿಟ್ಟಿದ್ದಾಳೇನೋ ಎಂದುಕೊಳ್ಳಬೇಡಿ. ಸ್ಲೇಟಿನಿಂದ ಒರೆಸಿದ್ದನ್ನು ಇಲ್ಲಿ ಮೊದಲ ಸಲ ಕಾಗದದ ಮೇಲೆ ಇಡುತ್ತಿದ್ದೇನೆ, ಅವರ ತಾಯಿ ಅಂದಂತೆಯೇ —

ಕಿಮ್ ಅಹೈಮ್, ಮೈಡೆಲೆ.

ನಿಮಗೆ ಕೇಳಿಸುತ್ತದೆ. ಬೀದಿಗೆಲ್ಲ ಕೇಳಿಸುತ್ತದೆ. ಕೇಳಬೇಕಾಗಿದ್ದವರು ಒಬ್ಬರೇ ಇದ್ದರು.