ಬಸಳೆ ಹಣ್ಣಿನ ಆರತಿ

ಆ ಕಾಲದಲ್ಲಿ ಬಣ್ಣಗಳಿಗೆ ಅಂಗಡಿಯ ಹೆಸರುಗಳಿರಲಿಲ್ಲ. ಗಿಳಿ ಬಣ್ಣ, ಅರಿಸಿನ ಬಣ್ಣ, ಬದನೆಕಾಯಿ ಬಣ್ಣ, ಅಷ್ಟೇ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಚನ್ನಗಿರಿಯ ನಮ್ಮ ಹಿತ್ತಲಿನ ಬಸಳೆ ಹಣ್ಣಿನ ಬಣ್ಣ. ಕಪ್ಪು ಹಣ್ಣನ್ನು ಹಿಸುಕಿದರೆ ಕಣ್ಣು ಕೋರೈಸುವಂಥ ಕಡು ಗುಲಾಬಿ ರಸ!

ಯುದ್ಧದ ಕಾಲ. ಸಕ್ಕರೆ ರೇಷನ್ನಿನಲ್ಲಿ ಸಿಗುತ್ತಿತ್ತು. ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳು ತಟ್ಟೆಯಲ್ಲಿ ಸಕ್ಕರೆ ಗೊಂಬೆಗಳನ್ನಿಟ್ಟು ಗೌರಮ್ಮನಿಗೆ ಬೆಳಗಬೇಕು. ಅಜ್ಜಿ ಕೂಡಿಟ್ಟ ಸಕ್ಕರೆಯನ್ನೆಲ್ಲ ಪಾಕ ಮಾಡಿ ಮರದ ಅಚ್ಚಿಗೆ ಹೊಯ್ದಳು. ಆನೆ, ನವಿಲು, ಕಳಸ ಎಲ್ಲವೂ ಬಂದವು. ಆದರೆ ಆ ಕೊಳಕು ಸಕ್ಕರೆಗೆ ಮಣ್ಣಿನ ಬಣ್ಣ. ನಾನು ಗೊಳೋ ಎಂದು ಅತ್ತೆ.

“ಅಳಬ್ಯಾಡ ಕಣೇ, ಬಸಳೆ ಹಣ್ಣು ಕಿತ್ಕೊಂಬಾ,” ಎಂದಳು ಅಜ್ಜಿ. ಹತ್ತಿಯ ಬತ್ತಿಯನ್ನು ರಸದಲ್ಲಿ ಅದ್ದಿ ಒಂದೊಂದೇ ಗೊಂಬೆಗೆ ಬಳಿದಳು. ಆನೆಯ ಸೊಂಡಿಲು ಸ್ವಲ್ಪ ಕರಗಿತು, ಕರಗಲಿ ಬಿಡಿ, ಆಹಾ, ಏನು ಕಳೆ ಬಂತು!

ಸಂಜೆ ಇನ್ನೇನು ಗುಡಿಗೆ ಹೊರಡಬೇಕು, ತಮ್ಮ ಓಡಿ ಬಂದ. ಬಾಯೆಲ್ಲ ಅದೇ ಬಣ್ಣ.

“ಗೌರವ್ವಗೆ ಬೆಳಗಾಕೆ ಮುಂಚೇನೆ ಗೊಂಬಿ ನೆಕ್ಕಿದ್ಯೇನಲೇ? ಎಂಜಲಾದ ಆರತಿ ಹೆಂಗೆ ಒಯ್ಯಾದು?” ಅಜ್ಜಿ ಗುಡುಗಿದಳು.

ಮತ್ತೆ ಮಾಡೋಣವೆಂದರೆ ಮನೆಯಲ್ಲಿ ಚಿಟಿಕೆ ಸಕ್ಕರೆಯಿಲ್ಲ.

“ಇಲ್ಲಜ್ಜಿ, ಬರೇ ಹಣ್ಣು ತಿಂದೀನಿ,” ಎಂದು ಬಿಕ್ಕುತ್ತಿದ್ದ ತಮ್ಮ ಅವಳ ಮುಖ ನೋಡಿ ಥಟ್ಟನೆ ಅಳು ನಿಲ್ಲಿಸಿದ. “ನಿನ್ ತುಟೀನೂ ಹಂಗೇ ಐತಲ್ಲ!”

ನಿಜ! ಕೌದಿ ಹೊಲಿಯುವಾಗ ದಾರದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುವ ರೂಢಿ ಅವಳದು. ಬತ್ತಿಯನ್ನೂ ಹಾಗೇ ಮಾಡಿಕೊಂಡಿದ್ದಳು. ಕನ್ನಡಿ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಅಯ್ಯ, ನನ್ ಬುದ್ಧಿಗಿಷ್ಟು ಬೆಂಕಿ ಹಾಕ! ನಾನೇ ಕಳ್ಳಿ ಆಗೀನಿ. ಗೌರವ್ವ ತೌರಿಗೆ ಬಂದ ಮಗಳಲ್ಲೇನು? ಮಗಳಿಗೆ ಅವ್ವನ ಎಂಜಲು ಮೈಲಿಗೇನಾ? ನಡೀರಿ, ನಡೀರಿ!”

ಗುಡಿಯಲ್ಲಿ ಉಳಿದ ತಟ್ಟೆಗಳೆಲ್ಲ ಮಾಸಲು. ನನ್ನದೊಂದೇ ದೀಪದ ಬೆಳಕಿನಲ್ಲಿ ಝಗಮಗ. “ಯಾರ ಮನೇದೇ ಈ ಆರತಿ?” ಎಂದು ಕೇಳಿದವರಿಗೆಲ್ಲ ಅಜ್ಜಿ ಬಾಯಿಗೆ ಸೆರಗು ಮುಚ್ಚಿಕೊಂಡೇ ಉತ್ತರ ಕೊಟ್ಟಳು. ನನಗಂತೂ ಭೂಮಿಯ ಮೇಲೆ ಕಾಲೇ ನಿಲ್ಲಲಿಲ್ಲ.

ಮೊನ್ನೆ ಮೊಮ್ಮಗಳು ಅದೇ ಬಣ್ಣದ ಸೀರೆ ತಂದಳು. “ಇದು ಫ್ಯೂಷಿಯಾ ಅಜ್ಜಿ, ಒಂದು ಹೂವಿನ ಹೆಸರು,” ಎಂದು ಫೋನಿನಲ್ಲಿ ಚಿತ್ರ ತೋರಿಸಿದಳು. ಜುಮುಕಿಯಂತೆ ತೂಗುವ ಹೂವು, ನಿಜಕ್ಕೂ ಚೆಂದ. ನಾನು ಬಸಳೆ ಹಣ್ಣು ಎಂದೆ. “ಬಸಳೆಗೆ ಹಣ್ಣಾಗುತ್ತಾ?” ಎಂದು ಕೇಳಿದಳು.

ಹೇಳಿಕೊಂಡು ನಗೋಣವೆಂದರೆ ತಮ್ಮನೂ ಈಗಿಲ್ಲ. ಆ ಎಂಜಲಾರತಿಯ ಗುಟ್ಟು ಬಲ್ಲವರು ಇನ್ನು ಇಬ್ಬರೇ, ನಾನು ಮತ್ತು ಗೌರಮ್ಮ.