ಸುಭೇದಾರ ಅಜ್ಜ ಒಯ್ದ ರುಬ್ಬುಗುಂಡು

ಹಳ್ಳದ ನಡುವಿನ ಬಂಡೆಯ ಮೇಲೆ ದೇವಿ ಎದ್ದಳು, ಎರಡೂರಿನ ಹೊಡೆದಾಟ ನಿಲ್ಲಿಸಿದಳು ಎಂದು ಈಗಿನವರು ಹೇಳುತ್ತಾರೆ. ಸುಳ್ಳು. ಯಾವ ದೇವಿಯೂ ಬರಲಿಲ್ಲ. ಅಲ್ಲಿರುವುದು ನಮ್ಮವ್ವ ಖಾರ ರುಬ್ಬುತ್ತಿದ್ದ ಗುಂಡು. ಅದನ್ನು ಅಲ್ಲಿಟ್ಟವನು ಸುಭೇದಾರ ಅಜ್ಜ. ಕುಂಕುಮ ಹಚ್ಚುವವರು ಹಚ್ಚಲಿ, ನಾನು ಬೇಡ ಎನ್ನುವುದಿಲ್ಲ. ಆದರೆ ಕಂಡವಳು ನಾನು.

ಅಜ್ಜ ನಮ್ಮ ಓಣಿಯವನೇ. ಹರೆಯದಲ್ಲಿ ಪಲ್ಟನ್ನಿಗೆ ಸೇರಿ, ದೂರದ ಪಠಾಣರ ಗುಡ್ಡಗಳ ಸರಹದ್ದಿನಲ್ಲಿ ಬಂದೂಕು ಹಿಡಿದು ನಿಂತು, ಎಡಗಿವಿಯ ಅರ್ಧವನ್ನು ಅಲ್ಲೇ ಬಿಟ್ಟು ಬಂದಿದ್ದ. ಯಾರ ಮನೆಗೆ ಹೋದರೂ ಗೋಡೆಗೆ ಬೆನ್ನು ಕೊಟ್ಟು, ಬಾಗಿಲ ಕಡೆ ಮುಖ ಮಾಡಿಯೇ ಕೂರುತ್ತಿದ್ದ. ನ್ಯಾಯಕ್ಕೆ ಬಂದವರು ಕೂಗಾಡಿದರೆ ಚರಿಗೆ ತುಂಬ ಮಜ್ಜಿಗೆ ಕೊಡುತ್ತಿದ್ದ.

"ಮದಲ ಕುಡೀಪಾ. ಕುಡಿಯಾಂವಗ ಬೈಯಾಕ ಬರಂಗಿಲ್ಲ."

ಚರಿಗೆ ಬರಿದಾಗುವ ಹೊತ್ತಿಗೆ ಅರ್ಧ ಸಿಟ್ಟು ಇಳಿದಿರುತ್ತಿತ್ತು. ಮೀಸೆ ತಿರುವುತ್ತ ಬಂದವರು ಮೀಸೆಗೆ ಮಜ್ಜಿಗೆ ಅಂಟಿಸಿಕೊಂಡು ಮೆತ್ತಗಾಗುವುದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೇನೆ. ಸವದತ್ತಿಯ ಸಾಹೇಬರೂ ರಾಮದುರ್ಗ ಸಂಸ್ಥಾನದವರೂ ಗಡಿಯ ತಂಟೆ ಬಂದರೆ ಅವನಿಗೇ ಹೇಳಿ ಕಳಿಸುತ್ತಿದ್ದರು.

ತಂಟೆಗೇನು ಕಡಿಮೆ? ಹಳ್ಳದ ಈಚೆ ನಾವು, ಇಂಗ್ರೇಜಿ ಸರಕಾರಕ್ಕೆ ಸೇರಿದವರು. ಆಚೆ ದಂಡೆ ರಾಮದುರ್ಗ ಸಂಸ್ಥಾನದ್ದು. ಈ ಕಡೆಯ ಪೊಲೀಸರು ನೀರಿನ ತನಕ ಬಂದು ನಿಲ್ಲಬೇಕು, ಆ ಕಡೆಯ ಸಿಪಾಯಿಗಳೂ ಹಾಗೆಯೇ. ತಲೆ ಒಡೆದವನು ಹಳ್ಳ ದಾಟಿಬಿಟ್ಟರೆ ಕೇಳುವವರೇ ಇಲ್ಲ.

ಒಂದು ಬೇಸಿಗೆ ಆಚೆಯವರು ಹಳ್ಳಕ್ಕೆ ಒಡ್ಡು ಕಟ್ಟಿ ನೀರು ತಿರುಗಿಸಿಕೊಂಡರು. ನಮ್ಮವರು ಹೋಗಿ ಒಡ್ಡು ಒಡೆದರು. ಆ ಗದ್ದಲದಲ್ಲಿ ನಮ್ಮಣ್ಣನ ತಲೆ ಒಡೆಯಿತು. ಮರುದಿನ ಊರ ಗಂಡಸರೆಲ್ಲ ಕೊಡಲಿ ಹಿಡಿದು ಹೊರಟರು. ತಲೆಗೆ ಅರಿವೆ ಸುತ್ತಿಕೊಂಡ ಅಣ್ಣ ಎಲ್ಲರಿಗಿಂತ ಮುಂದೆ.

ಆಗ ಅಜ್ಜ ನಮ್ಮ ಮನೆಗೆ ನುಗ್ಗಿದ. ಅವ್ವ ಒರಳಿನ ಮುಂದೆ ಹಸಿಮೆಣಸಿನಕಾಯಿ ರುಬ್ಬುತ್ತ ಕೂತಿದ್ದಳು.

"ತಂಗೀ, ಕೈ ತಗಿ. ಗುಂಡ ಕೊಡು."

"ಅಯ್ಯ, ಅದಕ್ಕ ಖಾರ ಹತ್ತೇತ್ರೀ!"

"ನಿನ್ನ ಮಗನ ರಗತ ಹತ್ತೂದಕ್ಕಿಂತ ಖಾರ ಹತ್ತಿದ್ದ ಪಾಡು."

ಗುಂಡನ್ನು ಹೆಗಲಿಗೇರಿಸಿ ನಡೆದೇಬಿಟ್ಟ. ನಾನು ಹಿಂದೆ ಓಡಿದೆ. ಎರಡೂ ದಂಡೆಯಲ್ಲಿ ಕೊಡಲಿಗಳು. ನಡುವೆ ಬರಿಗೈಯಲ್ಲಿ ಒಬ್ಬ ಮುದುಕ, ಹೆಗಲ ಮೇಲೆ ಕಲ್ಲು. ಎಂಥ ನೆರೆಗೂ ಮುಳುಗದ ಬಂಡೆಯನ್ನು ಹತ್ತಿ ಅದರ ಕುಳಿಯಲ್ಲಿ ಗುಂಡು ಕೂರಿಸಿದ. ಬೆವರು ಒರೆಸಿಕೊಳ್ಳಲು ಖಾರದ ಕೈಯನ್ನೇ ಮುಖಕ್ಕೆ ಒಯ್ದ. ಎರಡೂ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು.

"ಪಠಾಣರ ನಾಡಾಗ ತಲಿತಲಾಂತರದ ವೈರಾನೂ ಹಿಂಗ ಒಂದ್ ಕಲ್ಲಿಟ್ಟು ನಿಲ್ಲಸ್ತಾರ. ಇದು ಇಲ್ಲಿರೂತನಕ ಯಾರೂ ಕೈ ಎತ್ತಂಗಿಲ್ಲ. ನೀರು ಒಂದ್ ದಿನ ಅತ್ತಾಗ, ಒಂದ್ ದಿನ ಇತ್ತಾಗ. ಕಲ್ಲ ಎತ್ತಾಂವ ಮದಲ ನನ್ನ ಹೆಣಾ ಎತ್ತಬೇಕು."

ಆಚೆ ದಂಡೆಯಿಂದ ಒಬ್ಬ ಹಿರಿಯ ಕೊಡಲಿ ಕೆಳಗಿಟ್ಟು ಕೂಗಿದ:

"ಸುಭೇದಾರ್ರ, ಅಳಬ್ಯಾಡ್ರಿ. ನಿಮ್ಮಂಥಾವ್ರು ಅತ್ತರ ನಮಗ ನೋಡಾಕ ಆಗೂದಿಲ್ಲ."

ಅದು ಅಳುವಲ್ಲ, ಖಾರ. ನನಗೆ ಗೊತ್ತಿತ್ತು. ಆದರೂ ಮೈ ಜುಮ್ಮೆಂದಿತು. ಈಗಲೂ ಅನ್ನುತ್ತದೆ.

ಅವ್ವ ಮಾತ್ರ ಗುಂಡು ಮರೆಯಲಿಲ್ಲ. ಹಳ್ಳದ ಕಲ್ಲೊಂದರಲ್ಲಿ ಜಜ್ಜಿ ಜಜ್ಜಿ ಅಡಿಗೆ ಮಾಡುತ್ತಿದ್ದಳು. ಹೊಸದು ತರೋಣ ಎಂದರೆ, ಜಗಳ ತೀರಿದ ಮೇಲೆ ನನ್ನದೇ ಬರುತ್ತದೆ ಎನ್ನುತ್ತಿದ್ದಳು. ಅಜ್ಜ ಕಂಡಾಗಲೆಲ್ಲ ಒಂದೇ ಕೇಳಿಕೆ.

"ಸುಭೇದಾರ್ರ, ನನ್ನ ಗುಂಡ?"

"ಇನ್ನೂ ಡ್ಯೂಟಿ ಮ್ಯಾಲೆ ಐತಿ, ತಂಗಿ."

ಮೊದಲು ಹಳ್ಳ ದಾಟಿಸಿ ಹೆಣ್ಣು ಕೊಡುತ್ತಿರಲಿಲ್ಲ. ಕಲ್ಲಿಟ್ಟ ಮೇಲೆ ನನ್ನನ್ನು ಆಚೆ ದಂಡೆಗೇ ಕೊಟ್ಟರು. ಗಂಡನ ಮನೆಯವರು ಕರೆದುಕೊಂಡು ಹೋಗುವಾಗ ಅಜ್ಜ ಬಂಡೆಯ ತನಕ ಬಂದ. "ಹೆದರಬ್ಯಾಡವಾ. ಗಡಿ ಅನ್ನೂದು ನೆಲದಾಗ ಇರೂದಿಲ್ಲ, ತಲ್ಯಾಗ ಇರತೈತಿ" ಎಂದ. ಅಷ್ಟು ಹೇಳಿ ಹಿಂದಿರುಗಿದ.

ಅಜ್ಜ ತೀರಿದಾಗ ಎರಡೂರಿನವರೂ ಹೆಗಲು ಕೊಟ್ಟರು. ಮಣ್ಣು ಕೊಟ್ಟು ಬರುವಾಗಲೇ ಮತ್ತೆ ನೀರಿನ ಜಗಳ ಶುರುವಾಯಿತು. ಬಂಡೆಯ ಹತ್ತಿರ ಅಣ್ಣ ನಿಂತ.

"ಕಲ್ಲ ಇಟ್ಟಾಂವ ಹ್ವಾದ. ಅವನ ಮಾತೂ ಹೋತು. ಇನ್ನ ನೀರು ನಮ್ಮದು."

"ಹಂಗಾರ ಕೊಡಲಿ ನಮ್ಮನ್ಯಾಗೂ ಅದಾವು, ಮಾವಾ" ಎಂದ ನನ್ನ ಗಂಡ.

ಒಂದು ಕಡೆ ಒಡಹುಟ್ಟಿದವನು, ಒಂದು ಕಡೆ ಕಟ್ಟಿಕೊಂಡವನು. ಕಂಕುಳಲ್ಲಿ ಕೂಸು. ಅಣ್ಣ ಗುಂಡಿಗೆ ಕೈ ಹಚ್ಚಿದ.

ಹಿಂದಿನಿಂದ ಅವ್ವನ ದನಿ ಬಂತು.

"ಕೈ ತಗಿಯೋ! ಅದ ಯಾರದು? ನಂದು. ಇಷ್ಟ ದಿನಾ ನಾ ಅದನ್ನ ವಾಪಸ್ ಕೇಳ್ತಿದ್ದೆ. ಇವತ್ತಿನಿಂದ ಕೇಳೂದಿಲ್ಲ, ಅದು ಅಲ್ಲೇ ಇರತೈತಿ."

ಅಣ್ಣ ಕೈ ತೆಗೆದ. ನನ್ನ ಗಂಡ ನೆಲ ನೋಡಿದ. ಇಬ್ಬರೂ ತಂತಮ್ಮ ದಂಡೆಗೆ ಹೋದರು. ನಾನು ಅವ್ವನ ಜೊತೆ ಹೋದೆ.

ಮರುದಿನ ಮುಂಜಾನೆ ಎದ್ದು, ಅವ್ವನ ಒರಳಿನ ಬಾಯಿಯನ್ನು ಗೇಣು ಹಾಕಿ ಅಳೆದು, ಕಲ್ಲುಕುಟಿಗನ ಮನೆಗೆ ಹೋಗಿ ಹೊಸ ಗುಂಡು ಕಡಿಯಲು ಹೇಳಿ ಬಂದೆ.